ಕೇಳಿದವರಿಗೆಲ್ಲ ಹ್ಞೂ

ಗೊಲ್ಲಾಳಪ್ಪನಿಗೆ ವಯಸ್ಸಾಯಿತೆಂದು ಮೊದಲು ಸೂಚಿಸಿದ್ದು ಹೆಂಡತಿಯಲ್ಲ, ಮೊಬೈಲು. ‘ನಿಮ್ಮ ಬ್ರೌಸರ್ ತುಂಬ ಹಳೆಯದು’ ಎಂದು ಅದು ಮುಲಾಜಿಲ್ಲದೆ ಹೇಳಿದಾಗ ಆತ ಆದಿತ್ಯನಗರದ ಕ್ವಾರ್ಟರ್ಸಿನಲ್ಲಿ ಒಬ್ಬನೇ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದ. (ಸ್ವಹಸ್ತದ್ದು. ಸಿಮೆಂಟ್ ಫ್ಯಾಕ್ಟರಿ ನೌಕರನ ಕೈಗುಣವಾದ್ದರಿಂದ ಚೆನ್ನಾಗಿ ಗಟ್ಟಿಯಾಗಿತ್ತು.)

ಹೆಂಡತಿ ಜಗದೇವಿ ಮಗಳು ಭಾಗ್ಯಳ ಎರಡನೆಯ ಬಾಣಂತನಕ್ಕೆ ಕಾಳಗಿಗೆ ಹೋಗಿದ್ದಳು. ತೊಟ್ಟಿಲಿಗೆ ಹಾಕುವ ದಿನವೇ ಈತನಿಗೆ ಶಿಫ್ಟು ಬಿತ್ತು. ಮೊಮ್ಮಗಳ ಮುಖವನ್ನು ಫೋಟೋದಲ್ಲಾದರೂ ನೋಡೋಣವೆಂದರೆ, ಮಗಳು ಕಳಿಸಿದ ಲಿಂಕು ಹೊಸ ಬ್ರೌಸರನ್ನೇ ಬೇಡುತ್ತಿತ್ತು.

ಹಾಕಲು ಹೋದರೆ ‘ಜಾಗವಿಲ್ಲ’ ಎಂದಿತು. ಇಡೀ ಮನೆ ಖಾಲಿ ಬಿದ್ದಿರುವಾಗ ಜಾಗವಿಲ್ಲವಂತೆ! ಗೊಲ್ಲಾಳಪ್ಪ ತನ್ನ ಭಜನೆಯ ರೆಕಾರ್ಡಿಂಗುಗಳನ್ನೆಲ್ಲ ಅಳಿಸಿ ಜಾಗ ಮಾಡಿಕೊಟ್ಟ. ಹೊಸ ಬ್ರೌಸರು ಬಂತು; ಬೆನ್ನಿಗೇ ಅದರ ಬಂಧುಬಳಗವೂ ಬಂತು. ಯಾವ್ಯಾವುದೋ ಪುಟಗಳು ‘ಅನುಮತಿಸುವಿರಾ?’ ಎಂದು ವಿನಯದಿಂದ ಕೇಳಿದವು. ಈತ ಎಲ್ಲಕ್ಕೂ ಹ್ಞೂ ಎಂದು ಒತ್ತಿದ. ಅವುಗಳ ಸಂದಣಿಯಲ್ಲಿ ಫೋಟೋ ಮಾತ್ರ ತೆರೆಯಲಿಲ್ಲ.

ಅಂದಿನಿಂದ ಮೊಬೈಲು ಟಿಂಗ್ ಎನ್ನುವುದು, ಈತ ಒದ್ದೆ ಕೈಯಲ್ಲೇ ಓಡುವುದು. ಜಗದೇವಿ ಇರಬಹುದೆಂದು ನೋಡಿದರೆ ಬೋಳುತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಮತ್ತೆ ಟಿಂಗ್, ರಾಶಿಭವಿಷ್ಯ. ಮತ್ತೆ ಎಣ್ಣೆ. ಕೊನೆಗೆ ಸೇಡಂ ಬಸ್ ಸ್ಟ್ಯಾಂಡಿನ ಹತ್ತಿರದ ಅಬ್ದುಲ್ ಕರೀಮನ ಮೊಬೈಲ್ ಅಂಗಡಿಗೆ ಹೋದ.

“ಕಾಕಾ, ಇಷ್ಟ್ ಮಂದಿಗಿ ಹ್ಞೂ ಅಂದೀರಲ್ರಿ?”

“ಮರ್ಯಾದಿಲೆ ಕೇಳ್ತಾವಲ್ಲೋ ಕರೀಮ್. ಬಾಗಿಲಿಗಿ ಬಂದವ್ರಿಗಿ ಬ್ಯಾಡ ಅನ್ನೋದು ಹ್ಯಾಂಗ?”

“ಇವು ಚಾ ಕುಡ್ದು ಹೋಗೋ ಮಂದಿ ಅಲ್ರಿ. ಇಲ್ಲೇ ಹಾಸಿಗಿ ಹಾಸ್ತಾವ. ಇನ್ನ ಮ್ಯಾಲ ಯಾರರೆ ಕೇಳಿದ್ರ ಬ್ಯಾಡ ಅಂತ ಒತ್ರಿ.”

ಕರೀಮ್ ಎಲ್ಲರನ್ನೂ ಹೊರದಬ್ಬಿದ. ಮನೆಗೆ ಬರುವಷ್ಟರಲ್ಲಿ ಫೋಟೋ ತೆರೆಯಿತು. ಮೊಮ್ಮಗಳಿಗೆ ಥೇಟ್ ಈತನದೇ ಮೂಗು. ಪ್ರತಿ ಫೋಟೋದಲ್ಲೂ ಜಗದೇವಿ ನಗುತ್ತಿದ್ದಳು. ಒಂದರಲ್ಲೂ ಗಂಡ ನೆನಪಾದಂತೆ ಕಾಣಲಿಲ್ಲ.

ಮೊಬೈಲು ಗಪ್‌ಚಿಪ್. ಸಂಜೆಯವರೆಗೂ ಒಂದು ಟಿಂಗಿಲ್ಲ. ಅಷ್ಟು ದಿನ ಬಂದದ್ದರಲ್ಲಿ ಒಂದೂ ಅವಳದಾಗಿರಲಿಲ್ಲವೆಂಬುದು ಆಗ ಸ್ಪಷ್ಟವಾಯಿತು. ಕಾಳಗಿ ಬಸ್ಸಿನ ಸಮಯ ನೋಡಲು ಬ್ರೌಸರ್ ತೆರೆದವನು, ಅಷ್ಟಕ್ಕೇ ಬಿಟ್ಟು ಅವಳಿಗೇ ಫೋನು ಹಚ್ಚಿದ.

“ಏನ್ರೀ? ಲಗೂನ ಹೇಳ್ರಿ, ಕೂಸಿಗಿ ನೀರು ಎರಿಯಾಕತ್ತೀನಿ.”

“ನಾಳಿ ನಂದು ರಜಾ ಅದ. ಬರ್ಲೇನು ಅಲ್ಲಿಗಿ?”

“ಬ್ಯಾಡ್ರಿ. ಬೀಗರೆಲ್ಲಾ ಬಂದಾರ, ಕುಂದ್ರಲಿಕ್ಕ ಜಾಗಿಲ್ಲ.”

“ನಾ ಏನ್ ಭಾಳ ಜಾಗ ಹಿಡಿತೀನಿ?”

“ಭಜನಿ ಹಚ್ಕೊಂಡು ಮಲಗ್ರಿ ಸುಮ್ನ. ಇಡ್ತೀನಿ.”

ಊರವರಿಗೆಲ್ಲ ಅನುಮತಿ ದಯಪಾಲಿಸಿದ ಮಹಾನುಭಾವನಿಗೆ ಸ್ವಂತ ಹೆಂಡತಿಯಿಂದಲೇ ಬ್ಲಾಕು! ಭಜನೆಯನ್ನು ಅಳಿಸಿದ್ದು ಅವಳಿಗೆ ಗೊತ್ತಿರಲಿಲ್ಲ. ಹೇಳಲು ಅವಳು ಲೈನಿನಲ್ಲೂ ಇರಲಿಲ್ಲ.

ಪರದೆಯ ಮೇಲೆ ಬಸ್ಸಿನ ಪುಟ ಇನ್ನೂ ಕಾಯುತ್ತಿತ್ತು: ‘ನೀವು ಎಲ್ಲಿದ್ದೀರಿ ಎಂದು ತಿಳಿಯಲು ಅನುಮತಿಸುವಿರಾ?’

ಕರೀಮನ ಉಪದೇಶ ನೆನಪಿತ್ತು. ಆದರೂ ಅದೊಂದಾದರೂ ಕೇಳಿತಲ್ಲ. ಗೊಲ್ಲಾಳಪ್ಪ ಹ್ಞೂ ಎಂದು ಒತ್ತಿ, ಬೋಳುತಲೆ ಸವರಿಕೊಳ್ಳುತ್ತ, ಟಿಂಗ್ ಎನ್ನುವುದನ್ನೇ ಕಾಯುತ್ತ ಕುಳಿತ.