ಬೆಟ್ಟ ನನ್ನ ಕೈ ಹಿಡಿದ ಸಂಜೆ

ನಮ್ಮ ಮುತ್ತಜ್ಜ ಬೆಟ್ಟದ ಗೆಡ್ಡೆ ಕಿತ್ತರೆ ಬೇರಿನ ಒಂದೆಳೆಯೂ ಮುರಿಯುತ್ತಿರಲಿಲ್ಲವಂತೆ! ಅಜ್ಜ ಮಣ್ಣಿಗೆ ಕಿವಿಯಿಟ್ಟೇ ಗೆಡ್ಡೆಯ ಗಾತ್ರ ಹೇಳುತ್ತಿದ್ದ. ಇನ್ನು ಅಪ್ಪ ಕರೆದರೆ ಸಾಕು, ಗೆಡ್ಡೆ ತಾನೇ ಎದ್ದು ಬರುತ್ತಿತ್ತು. ಇದನ್ನು ಸ್ವತಃ ಅಪ್ಪನೇ ಹೇಳಿದ್ದಾನೆ. ಇಂಥ ವಂಶದ ಕುಡಿ ನಾನು! ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಬೆಟ್ಟವನ್ನೇ ಓದಿ ಪಾಸಾದವನು.

"ಗೆಡ್ಡೆ ಕತೆ ಕೇಳಿ ಕೇಳಿ ಹೊಟ್ಟೆ ತುಂಬ್ತು ಭಾವ. ಒಂದಿನಾನೂ ತಟ್ಟೆಗೆ ಬರಲಿಲ್ಲವಲ್ಲ!" ಎಂದು ನನ್ನ ಹೆಂಡತಿಯ ತಮ್ಮ, ಗಡಿಯಾರ ರಿಪೇರಿಯವನು, ಊಟದ ನಡುವೆ ನಕ್ಕ.

ವಂಶದ ಮಾನದ ಪ್ರಶ್ನೆ! "ರಾತ್ರಿ ಊಟಕ್ಕೆ ಬಾ, ತೋರಿಸ್ತೀನಿ" ಎಂದು ಗುಡುಗಿ, ಹಿತ್ತಲಿನ ಹಿಂದಿನ ಬೆಟ್ಟ ಹತ್ತಿದೆ.

ಹುಲ್ಲಿನಂಥ ಎಲೆ, ಒಣಗಿದ ದಂಟು. ಸಿಕ್ಕಿತು! ದಂಟನ್ನು ಎಳೆಯಬಾರದು, ಬೆರಳಲ್ಲೇ ಜಾಡು ಹಿಡಿದು ಇಳಿಯಬೇಕು, ಗೆಡ್ಡೆ ಕೈಗೆ ಸಿಕ್ಕ ಮೇಲೆ ಪ್ರಾಣ ಹೋದರೂ ಬಿಡಬಾರದು. ಇದು ನಮ್ಮ ಮನೆತನದ ಕಟ್ಟಳೆ. ಕೆದಕುತ್ತ ಹೋದೆ. ಕಲ್ಲಿನ ಸಂದಿಯಲ್ಲಿ ಮೊಣಕೈ ಮುಳುಗಿತು, ತೋಳು ಮುಳುಗಿತು. ದುಂಡಗಿನದೊಂದು ಅಂಗೈ ತುಂಬಿತು. ಹಿಡಿದೆ. ಹಿಡಿದ ಮುಷ್ಟಿ ಮೇಲೆ ಬರಲೊಲ್ಲದು!

ಕೆನ್ನೆಯನ್ನು ಮಣ್ಣಿಗಿಟ್ಟು ಮಲಗಿದೆ. ಮಂಜು ಮೆಲ್ಲಗೆ ಇಳಿದು ಮೈಮೇಲೆ ಹೊದಿಕೆಯಾಯಿತು. ಕೆಳಗೆ ಬೆಟ್ಟ ಉಸಿರಾಡುತ್ತಿತ್ತು. ನಾನೇ ಒಂದು ಗೆಡ್ಡೆಯಾಗಿ, ಬೆರಳುಗಳೆಲ್ಲ ಬೇರಾಗಿ, ತಣ್ಣನೆಯ ಕತ್ತಲಲ್ಲಿ ಮುತ್ತಜ್ಜನ ಪಕ್ಕ ಮಗ್ಗುಲಾದಂತೆ... ಆಹಾ, ಎಂಥ ಸುಖ!

"ರೀ! ನಿದ್ದೆ ಮಾಡೋಕೆ ಇಲ್ಲೀತನಕ ಬಂದ್ರಾ?"

ಹೆಂಡತಿ! ಹಿಂದೆಯೇ ಹಾರೆ ಹೊತ್ತ ಅವಳ ತಮ್ಮ.

"ಕೈ ಸಿಕ್ಕೊಂಡಿದೆ ಕಣೇ."

"ಮುಷ್ಟಿ ಬಿಡಿ, ಬರುತ್ತೆ."

"ಬಿಟ್ರೆ ಗೆಡ್ಡೆ ಹೋಗುತ್ತೆ! ನಮ್ಮಪ್ಪ ಏನಂದಾನು?"

"ನಿಮ್ಮಪ್ಪ ಹೋಗಿ ಯಾವ ಕಾಲ ಆಯ್ತು!" ಎಂದವಳೇ ಸಿಟ್ಟಿನಿಂದ ಆ ದಂಟನ್ನು ಹಿಡಿದು ಎಳೆದೇಬಿಟ್ಟಳು. ನಾನು ಸಂಜೆಯಿಡೀ ಕೆದಕಿ ಸಡಿಲಿಸಿದ ಮಣ್ಣು! ಬೆಳ್ಳನೆಯ ಗೆಡ್ಡೆ ಬೇರು ಸಮೇತ ಅವಳ ಕೈಯಲ್ಲಿ ತೂಗಾಡಿತು.

"ಗೆಡ್ಡೆ ಇಲ್ಲಿದೆ. ಹಾಗಾದ್ರೆ ನಿಮ್ಮ ಕೈಲಿರೋದೇನ್ರೀ?"

ಅಮುಕಿ ನೋಡಿದೆ. ಕಲ್ಲು!

ಮೈದುನ ನಗು ನುಂಗಿಕೊಂಡು ಹಾರೆ ಎತ್ತಿದ. "ಸ್ವಲ್ಪ ತಡೀರಿ ಭಾವ, ಸಂದಿ ಅಗಲ ಮಾಡ್ತೀನಿ."

"ಮುಟ್ಟಬೇಡ! ನೀವಿಬ್ರೂ ಹೋಗಿ ನಿಮ್ಮ ಗೆಡ್ಡೆ ಬೇಯಿಸ್ಕೊಳ್ಳಿ. ನಂದು ಬಲಿಯೋಕೆ ಇನ್ನೂ ಸ್ವಲ್ಪ ಹೊತ್ತು ಬೇಕು."