‘ಹೂಂ’ ಅನ್ನಲು ಕಲಿಸಿದ ತಪ್ಪಿಗೆ

ಇನ್ನೊಬ್ಬರ ನೋವನ್ನು ಹೇಗೆ ಕೇಳಬೇಕು ಎಂಬುದನ್ನು ಪುಸ್ತಕ ಇಟ್ಟುಕೊಂಡು ಕಲಿಸುವವನಿಗೆ ಇಂಥವು ಆಗದೆ ಇನ್ಯಾರಿಗೆ ಆಗಬೇಕು? ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಆಪ್ತಸಮಾಲೋಚನೆಯ ಎಂ.ಎಸ್ಸಿ. ತರಗತಿಗೆ ಪಾಠ ಹೇಳುತ್ತೇನೆ. ಓದಿದವರು ಕೊನೆಗೊಮ್ಮೆ ನಿಜವಾದ ಮನುಷ್ಯರ ಮುಂದೆ ಕೂತು ಅಭ್ಯಾಸ ಮಾಡಬೇಕಲ್ಲ, ಅದಕ್ಕೆಂದು ಹಾನಗಲ್ಲಿನಲ್ಲಿ ಎರಡು ಕೋಣೆಯ ಕೇಂದ್ರವೊಂದನ್ನು ತೆರೆದೆವು. ನಾನು ಇದೇ ಸೀಮೆಯವನಾದ್ದರಿಂದ ಅದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಒಬ್ಬ ಪಾದ್ರಿ. ನಾವೆಲ್ಲ ‘ಫಾದರ್’ ಅನ್ನುತ್ತೇವೆ. ಅವರು ಮೊದಲೇ ಹೇಳಿಬಿಟ್ಟಿದ್ದರು: “ಈ ಸೆಮಿಸ್ಟರ್ ಮುಗಿಯುವುದರೊಳಗೆ ಒಬ್ಬರಾದರೂ ಬಂದು, ಕೂತು, ಮನಸ್ಸು ಬಿಚ್ಚಿ ಮಾತಾಡಿ, ಹಗುರಾಗಿ ಎದ್ದು ಹೋಗುವುದನ್ನು ನಾನು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಕೇಂದ್ರ ಬಂದ್.”

ಬಂದ್ ಆದರೆ ನನಗೇನೂ ನಷ್ಟವಿಲ್ಲ, ಸಂಬಳ ಬರುತ್ತದೆ. ಆದರೆ ಅಲ್ಲಿ ಅಭ್ಯಾಸಕ್ಕಿದ್ದ ವಿದ್ಯಾರ್ಥಿನಿಗೆ ಒಂದು ವರ್ಷವೇ ಹಾಳು. ಮೈಸೂರು ಕಡೆಯ, ಬಹಳ ಶಿಸ್ತಿನ ಹುಡುಗಿ. ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಕಷ್ಟ ಶುರುವಾದದ್ದೇ ಅಲ್ಲಿಂದ.

ಪತಿ-ಪತ್ನಿ ಪ್ರಕರಣ

‘ಕೌನ್ಸೆಲಿಂಗ್ ಕೇಂದ್ರ’ ಎಂದು ಬೋರ್ಡು ಹಾಕಿದ ಮರುದಿನವೇ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಿಂದ ಒಬ್ಬ ಮಾಸ್ತರರು ಬಂದರು. ಕಂಕುಳಲ್ಲಿ ದಪ್ಪನೆಯ ಫೈಲು.

“ನಂದು ಪತಿ-ಪತ್ನಿ ಪ್ರಕರಣ ರೀ,” ಅಂದರು. ಹುಡುಗಿಯ ಮುಖ ಅರಳಿತು. ಮೊದಲ ದಿನವೇ ದಾಂಪತ್ಯದ ಸಮಸ್ಯೆ!

“ಇಬ್ಬರೂ ಬೇರೆ ಇದ್ದೀರಾ?”

“ನಾಕು ವರ್ಷಾತ್ರಿ.”

“ಮನಸ್ಸಿಗೆ ಹೇಗನ್ನಿಸುತ್ತಿದೆ?”

“ಮನಸಿಗೇನ್ ಅನಸ್ತೈತ್ರಿ? ಬಸ್ಸಿನ್ಯಾಗ ಅಡ್ಡಾಡಿ ಸೊಂಟ ಹೋಗೈತಿ.”

“ಒಂದಾಗಿ ಬಾಳಲು ಏನು ಅಡ್ಡಿ?”

“ಅಕಿ ಊರಾಗ ಪೋಸ್ಟ್ ಖಾಲಿ ಇಲ್ಲ!”

ನನಗೆ ಆಗ ಹೊಳೆಯಿತು. ನಮ್ಮ ಕಡೆ ಕೌನ್ಸೆಲಿಂಗ್ ಅಂದರೆ ಶಿಕ್ಷಕರ ವರ್ಗಾವಣೆ, ಅಷ್ಟೇ. ಗಂಡ-ಹೆಂಡತಿ ಒಂದೇ ಕಡೆ ಇರಲಿ ಎಂದು ಕೊಡುವ ವರ್ಗಾವಣೆಗೆ ‘ಪತಿ-ಪತ್ನಿ ಪ್ರಕರಣ’ ಅನ್ನುತ್ತಾರೆ; ಮಾಸ್ತರರು ಖಾಲಿ ಜಾಗಗಳ ಪಟ್ಟಿ ಕೇಳಲು ಬಂದಿದ್ದರು. ಇಲ್ಲಿ ವರ್ಗಾವಣೆ ಮಾಡುವುದಿಲ್ಲ, ಕಷ್ಟ ಹೇಳಿಕೊಂಡರೆ ಸಮಾಧಾನದಿಂದ ಕೇಳುತ್ತೇವೆ ಎಂದು ವಿವರಿಸಿದೆ. ಅವರು ಫೈಲು ಮತ್ತೆ ಕಂಕುಳಿಗೆ ಸೇರಿಸಿದರು.

“ಬರೇ ಕೇಳೂದಾ? ಅಷ್ಟು ನಮ್ಮ ಆಫೀಸಿನ್ಯಾಗೂ ಮಾಡ್ತಾರ ಬಿಡ್ರಿ.”

ಇಲ್ಲಿ ಹೇಳಿದ್ದು ಇಲ್ಲೇ

ಬೋರ್ಡು ಬದಲಾಯಿಸಿದೆವು. ‘ಆಪ್ತಸಮಾಲೋಚನೆ’ ಎಂದು ಬರೆಸಿ, ಕೆಳಗೆ ‘ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ’ ಎಂದು ಸೇರಿಸಿದೆವು. ಬಂದವರಿಗೆಲ್ಲ ಹುಡುಗಿ ಅದನ್ನು ಬಾಯಲ್ಲೂ ಹೇಳಬೇಕು. ಅದು ನಮ್ಮ ವೃತ್ತಿಧರ್ಮ.

ಸವಣೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಹುಡುಗಿ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳದೆ, ತನ್ನ ನೆಗೆಣ್ಣಿ, ಅಂದರೆ ಓರಗಿತ್ತಿ, ಆಡಿದ ಮಾತು, ಮಾಡಿದ ಮೋಸ ಎಲ್ಲವನ್ನೂ ಅರ್ಧ ಗಂಟೆ ಉಸಿರು ತಗೊಳ್ಳದೆ ಹೇಳಿದಳು. ಹೇಳಿ ಮುಗಿಸಿ, ಬಾಗಿಲ ಕಡೆ ನೋಡಿ, “ಇದೆಲ್ಲಾ ಹೊರಗ ಕೇಳಸ್ತೈತೇನ್ರಿ?” ಅಂದಳು.

“ಒಂದಕ್ಷರವೂ ಇಲ್ಲ,” ಎಂದು ಹುಡುಗಿ ಹೆಮ್ಮೆಯಿಂದ ಹೇಳಿದಳು.

ಬಂದವಳ ಮುಖ ಬಾಡಿಹೋಯಿತು. “ಹಂಗಾದ್ರ ಏನ್ ಬಂತ್ರಿ? ಅಕಿ ತವರುಮನಿ ಇಲ್ಲೇ ನಿಮ್ಮ ಬಾಜೂಕ ಐತಿ. ಅವರ ಕಿವಿಗೆ ಬೀಳ್ಲಿ ಅಂತ ಸವಣೂರಿಂದ ಬಸ್ ಹತ್ತಿ ಬಂದೇನಿ!”

ಎದ್ದು ಕಿಟಕಿ ತೆರೆದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು.

ಹುಡುಗಿಯ ಕಿವಿ

ಎದುರಿನವರು ಹೇಳಿದ್ದನ್ನೇ ನಮ್ಮ ಮಾತಿನಲ್ಲಿ ಮರಳಿ ಹೇಳಬೇಕು, ಆಗ ಅವರಿಗೆ ನಂಬಿಕೆ ಬರುತ್ತದೆ ಎಂದು ಮೂರು ವಾರ ಪಾಠ ಮಾಡಿದ್ದೆ. ಆಡೂರಿನ ಹಿರಿಯರೊಬ್ಬರ ಮೇಲೆ ಹುಡುಗಿ ಅದನ್ನು ಪ್ರಯೋಗಿಸಿದಳು.

“ನನ್ನ ತಮ್ಮ ಮಾತು ಬಿಟ್ಟಾನವಾ.”

“ಅಂದರೆ, ನಿಮ್ಮ ತಮ್ಮ ನಿಮ್ಮ ಜೊತೆ ಮಾತಾಡುತ್ತಿಲ್ಲ.”

“ಅದನ್ನ ಹೇಳಿದ್ನೆವಾ. ಭಾಳ ಬ್ಯಾಸರಾಗೈತಿ.”

“ಅಂದರೆ, ನಿಮಗೆ ಬಹಳ ಬೇಸರವಾಗಿದೆ.”

ಹಿರಿಯರು ಅವಳನ್ನು ಕನಿಕರದಿಂದ ನೋಡಿದರು. ತಮ್ಮನನ್ನು ಮರೆತರು. ಮೂಲೆಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿ ದನಿ ತಗ್ಗಿಸಿ, “ಹುಡುಗಿ ಛಲೋ ಐತ್ರಿ ಪಾಪ. ಕಿವಿ ಯಾವಾಗಿಂದ ಹಿಂಗ?” ಅಂದರು.

ಅವರು ಹೋದ ಮೇಲೆ ಹುಡುಗಿಗೆ ಹೇಳಿದೆ: “ಏನೂ ಮರಳಿ ಹೇಳಬೇಡ. ಅವರು ಏನೇ ಹೇಳಲಿ, ಬರೀ ‘ಹೂಂ’ ಅನ್ನು.” ಅವಳು ಬರೆದುಕೊಂಡಳು.

ಹೂಂ

ಸೆಮಿಸ್ಟರಿನ ಕೊನೆಯ ವಾರ. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಿಂದ ಒಬ್ಬ ಅಜ್ಜಿ ಬಂದಳು.

“ನನ್ನ ಮಗ ಮದುವಿ ಬ್ಯಾಡ ಅಂತಾನವಾ. ಮಾತು ತಗದ್ರ ಉಣ್ಣೂದು ಬಿಟ್ಟು ಎದ್ದು ಹೋಗ್ತಾನ.”

“ಹೂಂ.”

“ನಿನ್ನಂಥಾ ಸೊಸಿ ಬಂದ್ರ ದಾರಿಗೆ ಬರ್ತಾನ.”

“ಹೂಂ.”

“ಹಂಗಾದ್ರ ಸೋಮವಾರ ನಮ್ಮ ಮಂದೀನ ಕರಕೊಂಡು ಬರ್ಲೇನು?”

“ಹೂಂ.”

ಅಜ್ಜಿ ಕಣ್ಣೊರೆಸಿಕೊಂಡು ಹುಡುಗಿಯ ಗಲ್ಲ ಸವರಿ ಹೋದಳು. ಹುಡುಗಿ ತನ್ನ ವಹಿಯಲ್ಲಿ ‘ಕುಟುಂಬ ಸಮಾಲೋಚನೆಗೆ ಒಪ್ಪಿದ್ದಾರೆ’ ಎಂದು ಬರೆದಳು. ನಾನು ಓದಿ ಬೀಗಿಹೋದೆ. ಸೋಮವಾರವೇ ಬನ್ನಿ ಎಂದು ಫಾದರ್‌ಗೆ ಫೋನು ಮಾಡಿದೆ.

ಸೋಮವಾರ ಒಂದು ಟಂಟಂ ಆಟೋ ತುಂಬ ಜನ ಇಳಿದರು. ಹೆಂಗಸರ ಕೈಯಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ, ಉಡಿ ಅಕ್ಕಿ. ನಮ್ಮ ಜನ ಎಲ್ಲಿಗೂ ಬರಿಗೈಲಿ ಹೋಗುವುದಿಲ್ಲವಲ್ಲ ಅಂದುಕೊಂಡೆ. ಅಷ್ಟರಲ್ಲಿ ಪ್ಯಾಂಟು ಶರ್ಟು ತೊಟ್ಟು ಫಾದರ್ ಬಂದರು. ಹುಡುಗಿ ಎದ್ದು ನಿಂತು, “ಬನ್ನಿ ಫಾದರ್,” ಅಂದಳು.

ಅಜ್ಜಿಯ ಜೊತೆ ಬಂದಿದ್ದ, ನಾಲ್ಕು ಅಕ್ಷರ ಇಂಗ್ಲಿಷು ಕಲಿತವನೊಬ್ಬ ಅವಳ ಕಿವಿಯಲ್ಲಿ, “ಫಾದರ್ ಅಂದ್ರ ಅಪ್ಪ. ಹುಡುಗಿ ಅಪ್ಪನ ಬಂದಾರ,” ಅಂದ.

“ನೀವ ಏನ್ರಿ ಫಾದರ್?” ಅಂದಳು ಅಜ್ಜಿ.

“ಹೌದಮ್ಮ.”

“ಇಕಿ ನಿಮ್ಮ ಹುಡುಗಿ ಅಲ್ರಿ?”

“ನಮ್ಮ ಹುಡುಗಿಯೇ. ಬಹಳ ಒಳ್ಳೆಯವಳು.”

“ಅಕಿ ಹೂಂ ಅಂದಾಳ. ನೀವೂ ಒಂದ್ ಹೂಂ ಅಂದುಬಿಡ್ರಿ.”

ಇಷ್ಟು ಜನ ಬಂದ ಖುಷಿಯಲ್ಲಿದ್ದ ಫಾದರ್ ಗಟ್ಟಿಯಾಗಿ, “ಹೂಂ!” ಅಂದರು.

ಮರುಗಳಿಗೆಯಲ್ಲಿ ಹುಡುಗಿ ಪೂರ್ವಕ್ಕೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದಳು, ಉಡಿಯಲ್ಲಿ ಮದುವೆ ನಿಶ್ಚಯದ ತೆಂಗಿನಕಾಯಿ ಬಿದ್ದಿತ್ತು. “ಸಾರ್!” ಎಂದು ಚೀರಿದಳು.

ಕೊನೆಗೆ ಎಲ್ಲ ಬಿಡಿಸಿ ಹೇಳಿದೆ. ಹೆಂಗಸರು ಗೊಣಗುತ್ತ ತೆಂಗಿನಕಾಯಿ ವಾಪಸ್ ತಗೊಂಡು ಟಂಟಂ ಹತ್ತಿದರು. ಅಜ್ಜಿ ಮಾತ್ರ ಏಳಲಿಲ್ಲ.

“ಅಪ್ಪ ಅಲ್ಲಂದ್ರ ಫಾದರ್ ಅಂತ ಯಾಕ ಕರಸ್ಕೋತೀರಿ?”

“ನಾನು ಪಾದ್ರಿ, ಅಮ್ಮ. ಮದುವೆಯೇ ಆಗಿಲ್ಲ.”

ಅಜ್ಜಿಯ ಸಿಟ್ಟು ಇಳಿಯಿತು. “ನೀವೂ ಬ್ಯಾಡಂದ್ರಾ? ನಿಮ್ಮವ್ವ ಏನೂ ಅನ್ಲಿಲ್ಲೇನ್ರಿ?”

ಫಾದರ್ ಕುರ್ಚಿ ಎಳೆದುಕೊಂಡು ಅಜ್ಜಿಯ ಎದುರು ಕೂತರು. ನಮಗೆ ಹೊರಗೆ ಹೋಗಲು ಕೈಸನ್ನೆ ಮಾಡಿದರು. ಟಂಟಂನವನು ಹಾರ್ನ್ ಹೊಡೆದು ಹೊಡೆದು ಸೋತ. ಒಂದು ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಫಾದರ್ ಕಣ್ಣು ಕೆಂಪಾಗಿತ್ತು, ಮುಖ ಹಗುರಾಗಿತ್ತು. “ಕೇಂದ್ರ ಇರಲಿ,” ಎಂದಷ್ಟೇ ಹೇಳಿ ಕಾರು ಹತ್ತಿದರು. ಹುಡುಗಿ ಅಲ್ಲೇ ಕೂತು ಅತ್ತುಬಿಟ್ಟಳು.

ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು. “ಇನ್ನ ಮಗಗ ಮದುವಿ ಮಾತು ಎತ್ತಂಗಿಲ್ಲ ಬಿಡ್ರಿ,” ಅಂದಳು.

“ಫಾದರ್ ಏನು ಹೇಳಿದ್ರು ಯವ್ವಾ?” ಅಂದೆ.

“ಇಲ್ಲಿ ಹೇಳಿದ್ದು ಇಲ್ಲೇ ಉಳಿತೈತಿ ಅಂತ ನಿಮ್ಮ ಹುಡುಗೀನ ಹೇಳ್ಯಾಳಲ್ರಿ.”

“ಅದು ಬ್ಯಾಡ. ನೀವು ಏನಂದ್ರಿ, ಅಷ್ಟಾದ್ರೂ ಹೇಳ್ರಿ.”

ಅಜ್ಜಿ ನನ್ನನ್ನು ಏನೂ ಓದದವನಂತೆ ನೋಡಿದಳು.

“ನಾ ಏನ್ ಅನ್ಲಿರಿ? ಬರೇ ಹೂಂ ಅಂದೆ.”