ಪ್ರೀತಿಯ ಚೌಕಾಶಿ ಸುಗುಣಕ್ಕ ಅವರೇ

ರತ್ನಾಕರನ ಮೊಬೈಲಿನಲ್ಲಿ ಗಣಪ ಎಂಬ ಹೆಸರಿನವರು ಏಳು ಮಂದಿ ಇದ್ದರು. ತೊಂದರೆ ಶುರುವಾದದ್ದು ಅಲ್ಲಿಂದ. ಯಾವ ಗಣಪ ಯಾರೆಂದು ಗೊತ್ತಾಗಲು ಅವನು ಒಬ್ಬೊಬ್ಬರ ಹೆಸರಿಗೆ ಒಂದೊಂದು ಗುರುತು ಸೇರಿಸಿಟ್ಟುಕೊಂಡಿದ್ದ. ಕುಂದಾಪುರದ ಕಡೆ ಎಲ್ಲರೂ ಮಾಡುವುದು ಹಾಗೆಯೇ. ಗುರುತು ಅವರವರ ಗುಣಕ್ಕೆ ತಕ್ಕಂತೆ ಇರುತ್ತದೆ. ಅದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಅವನು ಕೃಷ್ಣಯ್ಯ ಐತಾಳರ ಗೇರುಬೀಜದ ಫ್ಯಾಕ್ಟರಿಯ ಸೇಲ್ಸ್‌ಮನ್. ಹದಿನಾರು ವರ್ಷ ಬೈಂದೂರಿನಿಂದ ಬ್ರಹ್ಮಾವರದ ತನಕ ಬಸ್ಸಿನಲ್ಲಿ ಓಡಾಡಿ ಹೋಟೆಲು, ಬೇಕರಿಗಳಿಗೆ ಬೀಜ ಮಾರಿದ್ದ. ಅಗಲ ಮಾಡುತ್ತೇವೆಂದು ಹೆದ್ದಾರಿಯನ್ನು ಅಗೆದು ಹಾಕಿದ ಮೇಲೆ ಸೊಂಟ ಕೈಕೊಟ್ಟಿತು. ಆರು ತಿಂಗಳಿಂದ ಆಫೀಸಿನ ಫ್ಯಾನಿನಡಿ ಕುಳಿತು ಫೋನಿನಲ್ಲೇ ವ್ಯಾಪಾರ. ವ್ಯಾಪಾರವೂ ಅವನ ಸೊಂಟದ ಹಾಗೆಯೇ ಬಗ್ಗಿಹೋಗಿತ್ತು.

ಆ ಬೆಳಿಗ್ಗೆ ಐತಾಳರು ಸಾಲಿಗ್ರಾಮಕ್ಕೆ ಉಪನಯನದ ಊಟಕ್ಕೆ ಹೊರಟವರು ಬಾಗಿಲಲ್ಲಿ ನಿಂತರು.

"ಕಾಣ್ ರತ್ನಾಕರ, ಗಿರಾಕಿಗಳ ಗುರ್ತ ಮಾಡ್ಕಂಬುಕೆ, ಅವ್ರಿಗೆ ಬರಿಯುಕೆ ಈಗ ಸಾಫ್ಟ್‌ವೇರೇ ಇತ್ತಂಬ್ರಲೆ. ಒಂದ್ ಆರ್ಸ್. ಸಂಜಿಯೊಳ್ಗೆ ಆರ್ಡ್ರ್ ಬಂದ್ರೆ ನೀನ್ ಈ ಕುರ್ಚಿ ಮೇಲೇ ಕೂಕೋ. ಬಾರ್ದಿದ್ರೆ ನಾಳಿಂದ ಮತ್ತೆ ಬಸ್ಸ್."

ಕಂಪ್ಯೂಟರ್ ಅಂಗಡಿಯ ಸಚಿನ್ ಆಫೀಸಿಗೆ ಬಂದು ಮೂರು ಸಾಫ್ಟ್‌ವೇರ್ ತೋರಿಸಿದ. "ಯಾವ್ದಕ್ಕೂ ನಿಮ್ ಲಿಸ್ಟ್ ಕೊಟ್ರೆ ಆಯ್ತ್. ಮೂರಕ್ಕೂ ಒಂದೊಂದ್ ದಿನ ಫ್ರೀ. ಆಮೇಲ್ ದುಡ್ಡ್."

ಮೊದಲನೆಯದು ಉದ್ಯಮಿಗಳ ಜಾಲತಾಣದಲ್ಲಿ ಅಪರಿಚಿತರನ್ನೂ ಹುಡುಕಿ ತಾನಾಗಿಯೇ ಸ್ನೇಹ ಕೇಳುತ್ತಿತ್ತು. "ಸೂರತ್ತಿನ ವಜ್ರದ ಸಾವ್ಕಾರ ನಮ್ಮ ತುಂಡ್ ಬೀಜ ತಕಂತ್ನಾ?" ಎಂದು ರತ್ನಾಕರ ಅದನ್ನು ಬದಿಗಿಟ್ಟ. ಎರಡನೆಯದರ ತುಂಬ ವಿಮಾನದ ಪೈಲಟನ ಮುಂದೆ ಇರುವಷ್ಟು ಗುಂಡಿಗಳಿದ್ದವು. ಮೂರನೆಯದಕ್ಕೆ ಒಂದೇ ಹಸಿರು ಗುಂಡಿ. ಮೊಬೈಲಿನಲ್ಲಿದ್ದವರಿಗೆಲ್ಲ ಹೆಸರು ಹಿಡಿದು ಬರೆಯುತ್ತದೆ, ಉತ್ತರ ಬಾರದಿದ್ದರೆ ಗಂಟೆಗೊಮ್ಮೆ ನೆನಪಿಸುತ್ತದೆ.

ಬೀಜ ಆರಿಸುವ ಹೆಂಗಸರ ಮೇಸ್ತ್ರಿ ಜಲಜಕ್ಕ ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದಳು. "ಹೆಸ್ರ್ ಹಿಡ್ದ್ ಕರಿತ್ತಲೆ! ಮರ್ಯಾದಿ ಅಂದ್ರೆ ಅದ್. ಒತ್ತ್ ಮಾರಾಯ."

ರತ್ನಾಕರ ಒತ್ತಿದ.

ಐದು ನಿಮಿಷಕ್ಕೆ ಫೋನು ಬಂತು. ಯಡ್ತರೆಯಲ್ಲಿ ಮದುವೆ ಅಡುಗೆ ವಹಿಸಿಕೊಳ್ಳುವ ಸುಗುಣಕ್ಕ.

"ಹ್ವಾಯ್, ಪ್ರೀತಿಯ ಚೌಕಾಶಿ ಸುಗುಣಕ್ಕ ಅವರೇ ಅಂದೇಳಿ ಬರ್ದಿದ್ಯಲೆ, ನಾನ್ ನಿನ್ನತ್ರ ಎಂತ ಚೌಕಾಶಿ ಮಾಡಿದ್ದೆ? ಐತಾಳ್ರ್ ಬರ್ಲಿ, ಹೇಳ್ತೆ!"

ಜಲಜಕ್ಕ ಪರದೆಗೆ ಮೂಗು ತಾಗಿಸಿ ಉಳಿದವನ್ನು ಗಟ್ಟಿಯಾಗಿ ಓದಿದಳು. "ಪ್ರೀತಿಯ ಕಿರಿಕಿರಿ ಬಚ್ಚಣ್ಣ ಅವರೇ... ಪ್ರೀತಿಯ ಹಳೇ ಬನ್ ಗಣಪ ಅವರೇ..." ಆಮೇಲೆ ನಿಧಾನಕ್ಕೆ ತಿರುಗಿ ಕೇಳಿದಳು, "ಧಣಿಯರ ನಂಬ್ರ ಎಂತ ಅಂದೇಳಿ ಹಾಕಿದ್ದೆ ನೀನ್?"

ರತ್ನಾಕರನ ಮುಖ ಐಸ್ ಪೆಟ್ಟಿಗೆಯಲ್ಲಿ ಮೂರು ದಿನ ಮಲಗಿದ್ದ ಬಂಗುಡೆಯ ಹಾಗಾಯಿತು. "ಜುಗ್ಗ ಧಣಿ," ಎಂದ.

"ನಿಲ್ಸಾ ಸಚಿನ್ ಇದನ್ನ್!" ಎಂದು ಕೂಗಿದ.

"ಫ್ರೀಯವ್ರಿಗೆ ನಿಲ್ಸುಕಾತಿಲ್ಲೆ ರತ್ನಾಕರಣ್ಣ. ನಿಲ್ಸು ಗುಂಡಿ ದುಡ್ಡ್ ಕಟ್ಟಿದವ್ರಿಗೆ ಮಾತ್ರ."

ರತ್ನಾಕರ ಐತಾಳರಿಗೆ ಫೋನು ಮಾಡಿದ, ಅವರು ಎತ್ತಲಿಲ್ಲ. "ಎಲಿ ಮುಂದ್ ಕೂಕಂಡವ್ರ್ ಫೋನ್ ಕಾಂತ್ರಾ?" ಎಂದಳು ಜಲಜಕ್ಕ. ಧಣಿ ಮೆಸೇಜು ನೋಡುವವರಲ್ಲ. ಆದರೆ ಗಿರಾಕಿಗಳು ಒಬ್ಬೊಬ್ಬರೇ ಚಾಡಿ ಹೇಳಿದರೆ ಕುರ್ಚಿ ಹೋಗಲಿ, ಕೆಲಸವೇ ಉಳಿಯದು. ಅವರ ಬಾಯಿ ಮುಚ್ಚಿಸಬೇಕು. ರತ್ನಾಕರ ಸೊಂಟಕ್ಕೆ ಬೆಲ್ಟು ಬಿಗಿದು ಬೈಂದೂರು ಬಸ್ಸು ಹತ್ತಿದ.

ಯಡ್ತರೆಯಲ್ಲಿ ಸುಗುಣಕ್ಕ ಅಂಗಳದಲ್ಲೇ ಹಿಡಿದಳು. ಅವನು ಕೈ ಮುಗಿದ, ಕಂಪ್ಯೂಟರನ್ನು ಬೈದ, ಸೊಂಟ ಹಿಡಿದುಕೊಂಡು ಜಗಲಿಯಲ್ಲಿ ಕುಸಿದ. ಸುಗುಣಕ್ಕನ ಸಿಟ್ಟು ಕರಗಿತು.

"ಆರ್ ತಿಂಗ್ಳಾಯ್ತ್ ನಿನ್ನ ಮೋರೆ ಕಾಣ್ದೆ. ಫೋನಂಗೆ ಬೀಜ ತಕಂಬುಕಾತ್ತಾ? ಬೇರೆಯವ್ರ ಹತ್ರ ತಕಂತಿದ್ದೆ. ಚಾ ಕುಡಿ. ಮೂವತ್ತ್ ಕೇಜಿ ಬರ್ಕೋ. ಎರಡ್ ಕೇಜಿ ಮೇಲಿಂದ ಹಾಕ್."

ಬೈಂದೂರಿನ ಹೋಟೆಲಿನಲ್ಲಿ ಬಚ್ಚಣ್ಣ ಅರ್ಧ ಗಂಟೆ ಕಿರಿಕಿರಿ ಮಾಡಿ, ತಾನು ಕಿರಿಕಿರಿ ಮಾಡುವವನಲ್ಲವೆಂದು ಸಾಧಿಸಿ, ಇಪ್ಪತ್ತು ಕೇಜಿ ಹೇಳಿದ. ಅಲ್ಲೂ ಚಹಾ. ದಾರಿಯುದ್ದಕ್ಕೂ ಇಳಿದು, ಕೈ ಮುಗಿದು, ಚಹಾ ಕುಡಿದು, ಹತ್ತಿ, ರತ್ನಾಕರ ದಕ್ಷಿಣಕ್ಕೆ ಬಂದ. ಗಂಟೆಗೊಮ್ಮೆ ಸಾಫ್ಟ್‌ವೇರು ಎಲ್ಲರನ್ನೂ ಅದೇ ಹೆಸರಿನಿಂದ ಮತ್ತೆ ಕರೆಯುತ್ತಿದ್ದುದರಿಂದ, ಸಮಾಧಾನ ಮಾಡಿ ಬಂದವರನ್ನು ಫೋನಿನಲ್ಲಿ ಇನ್ನೊಮ್ಮೆ ಸಮಾಧಾನ ಮಾಡಬೇಕಿತ್ತು.

ಧಣಿ ಊಟಕ್ಕೆ ಹೋಗಿದ್ದ ಸಾಲಿಗ್ರಾಮ ಬಂದಾಗ ಅವನು ಸೀಟಿನಡಿ ಬಗ್ಗಿದ.

"ಎಂತ ಬಿತ್ತ್?" ಎಂದ ಕಂಡಕ್ಟರ್.

"ಮರ್ಯಾದಿ," ಎಂದ ರತ್ನಾಕರ. "ಬಸ್ಸ್ ಬಿಡಿ."

ಬ್ರಹ್ಮಾವರದ ಬೇಕರಿಯ ಗಣಪ ಅವನಿಗೆ ಬಿಸಿ ಬನ್ನು ಎರಡು ತಿನ್ನಿಸಿ, "ಇದ್ ಹಳತಾ? ಹೇಳ್!" ಎಂದು ನಾಲ್ಕು ಗಿರಾಕಿಗಳೆದುರು ಸಾಕ್ಷಿ ಹೇಳಿಸಿದ ಮೇಲೆಯೇ ಹದಿನೈದು ಕೇಜಿಗೆ ಒಪ್ಪಿದ್ದು.

ಸಂಜೆ ರತ್ನಾಕರ ಆಫೀಸಿಗೆ ಮರಳಿದಾಗ ಅವನ ಕುರ್ಚಿಯಲ್ಲಿ ಐತಾಳರು ಕುಳಿತಿದ್ದರು. ಕೈಯಲ್ಲಿ ಮೊಬೈಲು. ಬಾಗಿಲ ಬಳಿ ಜಲಜಕ್ಕ, ಸಾವಿನ ಮನೆಗೆ ಬಂದವಳ ಹಾಗೆ.

"ಧಣೀ, ಹನ್ನೊಂದ್ ಆರ್ಡ್ರ್ ಬಂತ್," ಎಂದು ಅವನು ಆರ್ಡರು ಬರೆದ ಪುಸ್ತಕವನ್ನು ಗುರಾಣಿಯ ಹಾಗೆ ಮುಂದೆ ಹಿಡಿದ.

"ಗೊತ್ತಿತ್ತ್. ಹನ್ನೊಂದ್ ಜನವೂ ಫೋನ್ ಮಾಡಿ ಹೇಳ್ರ್. ಮೆಸೇಜೂ ಓದಿದೆ. ಗಂಟಿಗೊಂದ್ ಸರ್ತಿ ನೆನ್ಪ್ ಮಾಡಿತ್ತಲೆ, ನಾನ್ ಎಂತ ಜನ ಅಂದೇಳಿ."

ರತ್ನಾಕರ ಪುಸ್ತಕವನ್ನು ಮೂಗಿನ ತನಕ ಏರಿಸಿದ.

"ಆರ್ ತಿಂಗ್ಳಲ್ಲಿ ಬಾರ್ದಿದ್ದ್ ವ್ಯಾಪಾರ ಒಂದೇ ದಿನ ಬಂತ್," ಎಂದರು ಐತಾಳರು. "ಲಾಯ್ಕ್ ಸಾಫ್ಟ್‌ವೇರ್."

ರತ್ನಾಕರ ಪುಸ್ತಕ ಕೆಳಗಿಳಿಸಿದ. "ಹಂಗಾರೆ ಕೊಂಬ್ದಾ ಧಣೀ? ನಾನ್ ಕುರ್ಚಿ ಮೇಲೇ..."

"ಕೊಂಬ್ದ್ ಎಂತಕೆ? ಇನ್ನೆರಡ್ ಇತ್ತಲೆ, ಒಂದೊಂದ್ ದಿನ ಫ್ರೀ. ನಾಳೆ ಒಂದ್ರಲ್ಲಿ ಕಳ್ಸ್, ನಾಡಿದ್ದ್ ಇನ್ನೊಂದ್ರಲ್ಲಿ. ಇವತ್ತ್ ಹನ್ನೊಂದೇ ಜನ ಆದ್ದ್, ಸಿಟ್ಟ್ ಬಂದವ್ರ್ ಇನ್ನೂ ಸುಮಾರ್ ಜನ ಇದ್ರ್. ಹೆಸ್ರ್ ಮಾತ್ರ ಒಂದೂ ತಿದ್ಬೇಡ. ಕಳ್ಸಿ ಆದ್ಕೂಡ್ಲೆ ಬಸ್ಸ್ ಹತ್ತ್."

ರತ್ನಾಕರ ಸೊಂಟ ಮುಟ್ಟಿ ನೋಡಿಕೊಂಡ.

"ಧಣೀ, ಬಸ್ ಚಾರ್ಜಾದ್ರೂ..."

ಐತಾಳರು ಮೊಬೈಲನ್ನು ಅವನ ಕಡೆ ತಿರುಗಿಸಿ, ಅವನೇ ಕಳಿಸಿದ ಮೆಸೇಜಿನ ಮೊದಲ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.